ಮಡಕೆ ಚೂರಾದ್ರೂ ಉಳಿಯುತ್ತೆ, ಮಂಕರಿ ಉಳಿಯಲ್ಲ

ನಮ್ಮ ಮನೆ ಅಟ್ಟದ ಮೇಲೆ ಈಗ 40ಕ್ಕೂ ಹೆಚ್ಚು ಬುಟ್ಟಿ, ಮೊರ, ಮಂಕರಿ ಇವೆ. ಕೆಳಗೆ ಗೋಡೆ ಪಕ್ಕ ಗುಡಾಣ, ಬಾನಿ, ಹರವಿ, ಕುಡಿಕೆ. 25 ವರ್ಷದಿಂದ ಒಂದೊಂದಾಗಿ ಸೇರಿದವು. ಕೆಲವು ಸಂತೆಯಲ್ಲಿ ಕೊಂಡದ್ದು, ಕೆಲವು ಹಳೇ ಮನೆ ಕೆಡವುವಾಗ ಕೇಳಿ ತಂದದ್ದು. "ಇವನ್ನೆಲ್ಲಾ ಇಟ್ಕೊಂಡು ಏನ್ಮಾಡ್ತೀಯಪ್ಪ?" ಅಂತ ಕೇಳೋರಿಗೆ ಈ ಬರಹ.

ಮೊದಲು ಮಡಕೆ ವಿಷಯ. ಚಿತ್ರದುರ್ಗ ಜಿಲ್ಲೆ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ಮಾಡಿಸಿದರು. ತಳದ ಪದರದಲ್ಲಿ ಕಲ್ಲಿನ ಕೊಡಲಿಗಳ ಜೊತೆ ಕೈಯಲ್ಲೇ ಮಾಡಿದ ಒರಟು ಬೂದು ಮಡಕೆ ಸಿಕ್ಕಿತು. ಅದರ ಮೇಲೆ ಕಬ್ಬಿಣ ಬಳಸಿದ ಜನರ ಕಪ್ಪು-ಕೆಂಪು ಮಡಕೆ. ಇನ್ನೂ ಮೇಲೆ, ವೇಗವಾಗಿ ತಿರುಗುವ ತಿಗರಿಯಲ್ಲಿ ಮಾಡಿದ್ದು. ಬರವಣಿಗೆ ಇಲ್ಲದ ಕಾಲದ ಜನರ ಕಥೆಯನ್ನ ಮಡಕೆ ಚೂರೇ ಹೇಳಿತು. ಬೆಂದ ಮಣ್ಣು ಕರಗಲ್ಲ. ಹಾಳೂರು ಇದ್ದ ಜಾಗದಲ್ಲಿ ಉಳುವಾಗ ನಮ್ಮ ನೇಗಿಲಿಗೂ ಬೋಕಿ ಸಿಗೋದು ಅದಕ್ಕೇ.

ಬಿದಿರಿಗೆ ಆ ಭಾಗ್ಯ ಇಲ್ಲ. ಗೆದ್ದಲು, ಕುಟ್ಟೆ, ತೇವ ಎಲ್ಲಾ ಸೇರಿ ಮುಗಿಸಿಬಿಡ್ತವೆ. 12ನೇ ಶತಮಾನದ ಶರಣ ಮೇದರ ಕೇತಯ್ಯ ಬುಟ್ಟಿ ಹೆಣೆದು ಬದುಕಿದವರು. ಅವರ ಹೆಸರು ವಚನಗಳಿಂದ ಉಳಿಯಿತು, ಹೆಣೆದ ಬುಟ್ಟಿ ಉಳಿಯಲಿಲ್ಲ. ಅಂದ್ರೆ ಬುಟ್ಟಿಯ ಇತಿಹಾಸ ನೆಲದಡಿ ಸಿಗಲ್ಲ. ನಮ್ಮ ಅಟ್ಟದಲ್ಲಿ, ಹಿರಿಯರ ನೆನಪಲ್ಲಿ ಎಷ್ಟಿದೆಯೋ ಅಷ್ಟೇ.

ಒಂದೊಂದು ಹೆಣಿಗೆಯೂ ಒಂದೊಂದು ಕೆಲಸದ ದಾಖಲೆ. ಗೊಬ್ಬರ ಹೊರುವ ಮಂಕರಿಗೆ ದಪ್ಪ ಸೀಳು, ಬಿಡಿ ಹೆಣಿಗೆ. ರಾಗಿ ಬುಟ್ಟಿಗೆ ಸಣ್ಣ ಸೀಳು, ಒತ್ತು ಹೆಣಿಗೆ, ಮೇಲೆ ಸಗಣಿ ಬಳಿತ, ಇಲ್ಲದಿದ್ರೆ ಕಾಳು ಸಂದಿಯಲ್ಲಿ ಸೋರುತ್ತೆ. ಕಣದಲ್ಲಿ ತೆನೆ ತುಳಿಯುವ ಎತ್ತಿನ ಮೂತಿಗೆ ಬಾಯಿಕುಕ್ಕೆ. ಒಕ್ಕಣೆ ಯಂತ್ರ ಬಂತು, ಎತ್ತು ಹೋಯ್ತು, ಕಣ ಹೋಯ್ತು, ಬಾಯಿಕುಕ್ಕೆಯೂ ಹೋಯ್ತು. ನನ್ನ ಹತ್ರ ಎರಡಿವೆ. ಅದೇನು ಅಂತ ಈಗಿನ ಹುಡುಗರಿಗೆ ಗೊತ್ತಾಗಲ್ಲ.

ಕಣದ ಜೊತೆ ಆಯವೂ ಹೋಯ್ತು ನೋಡಿ. ಸುಗ್ಗಿಯಲ್ಲಿ ಕುಂಬಾರರಿಗೆ ರಾಶಿಯಿಂದಲೇ ಕಾಳು ಅಳೆದು ಕೊಡುತ್ತಿದ್ದರು. ವರ್ಷವಿಡೀ ಮಡಕೆ ಅವರದು, ಕಾಳು ನಮ್ಮದು. ಪ್ಲಾಸ್ಟಿಕ್ ಬಿಂದಿಗೆ ಬಂದದ್ದು ಒಂದು ಕಾರಣ. ನಾವು ಕಾಳು ಅಳೆಯೋದು ನಿಲ್ಲಿಸಿದ್ದು ಇನ್ನೊಂದು.

ನಮ್ಮ ಸಂತೆಗೆ ಬರುತ್ತಿದ್ದ ಮೇದರ ಅಜ್ಜಿ ಒಬ್ಬರು, ಅಮಾವಾಸ್ಯೆ ಹತ್ರ ಕಡಿದ ಬಿದಿರಿಗೆ ಕುಟ್ಟೆ ಕಮ್ಮಿ ಅನ್ನುತ್ತಿದ್ದರು. ಬುಟ್ಟಿನ ಒಲೆ ಮೇಲೆ ಕಟ್ಟು, ಹೊಗೆ ತಿಂದ್ರೆ ಬಾಳಿಕೆ ಬರುತ್ತೆ ಅಂತಲೂ ಹೇಳಿದ್ದರು. ಈಗ ಮನೆಮನೆಗೂ ಗ್ಯಾಸು. ನಾನು ವರ್ಷಕ್ಕೆರಡು ಸಲ ಬೇವಿನ ಸೊಪ್ಪಿನ ಹೊಗೆ ಹಾಕ್ತೀನಿ. ಅಜ್ಜಿ ಈಗಿಲ್ಲ. ಮಗ ಹೆಣೀತಾನೆ, ಮೊಮ್ಮಕ್ಕಳು ಬೆಂಗಳೂರಲ್ಲಿದ್ದಾರೆ.

ನಿಮ್ಮ ಅಟ್ಟದಲ್ಲಿ ಹಳೇ ಬುಟ್ಟಿ ಇದ್ರೆ ಒಲೆಗೆ ಹಾಕೋ ಮೊದಲು ಮನೇಲಿ ಹಿರಿಯರನ್ನ ಕೇಳಿ. ಯಾರು ಹೆಣೆದದ್ದು, ಯಾವ ಸಂತೆಯದು, ಯಾವ ಕೆಲಸಕ್ಕೆ, ಏನು ಕೊಟ್ಟು ತಂದದ್ದು? ಒಂದು ಚೀಟಿ ಬರೆದು ಕಟ್ಟಿ. ಚೀಟಿ ಇಲ್ಲದ ಬುಟ್ಟಿ 10 ವರ್ಷ ಕಳೆದ್ರೆ ಬರೀ ಸೌದೆ.

ಬರೋ ಸುಗ್ಗಿಗೆ ಆ ಅಜ್ಜಿ ಮಗನಿಗೆ ಎರಡು ಮೊರ, ಒಂದು ಮಂಕರಿ ಹೇಳಿದ್ದೀನಿ. ಬೇಕಾದವರು ತಿಳಿಸಿ. ನಾಲ್ಕು ಮನೆಯವರು ಒಟ್ಟಿಗೆ ಹೇಳಿದ್ರೆ ಅವನಿಗೂ ಬಿದಿರು ತರೋಕೆ ಧೈರ್ಯ ಬರುತ್ತೆ.