ಮಗುವಿಗೆ ‘ಆರ್ಟೀರಿಯಲ್ ಲೈನ್’ ಹಾಕಿದ್ದಾರಾ? ಅದು ಡ್ರಿಪ್ ಅಲ್ಲ, ಬೆರಳುಗಳ ಮೇಲೆ ಕಣ್ಣಿರಲಿ

ಡೆಂಗಿ ಜೋರಾಗಿ ಬಿಪಿ ಕುಸಿದ ಮಕ್ಕಳು, ನ್ಯುಮೋನಿಯಾ ಹೆಚ್ಚಾಗಿ ವೆಂಟಿಲೇಟರ್ ಮೇಲಿರೋ ಮಕ್ಕಳು, ಹೃದಯದ ಆಪರೇಷನ್ ಆದ ಮಕ್ಕಳು. ಇಂಥವರನ್ನು ಐಸಿಯುನಲ್ಲಿ ಇಟ್ಟಾಗ ಕೈಗೋ ಕಾಲಿಗೋ ಆರ್ಟೀರಿಯಲ್ ಲೈನ್ ಹಾಕುವುದುಂಟು. ತಾಲೂಕು ಆಸ್ಪತ್ರೆಯಿಂದ ಜಿಲ್ಲಾ ಆಸ್ಪತ್ರೆಗೋ ಬೆಂಗಳೂರಿಗೋ ರೆಫರ್ ಆಗಿ ಹೋದ ಅಪ್ಪ-ಅಮ್ಮನಿಗೆ ಅದೂ ಒಂದು ಗ್ಲೂಕೋಸ್ ಪೈಪಿನ ಹಾಗೇ ಕಾಣುತ್ತೆ. ಆದರೆ ಅದರ ಕೆಲಸ ಬೇರೆ, ಅದರಿಂದ ಆಗಬಹುದಾದ ತೊಂದರೆಗಳೂ ಬೇರೆ. ಬೇಗ ಗೊತ್ತಾದರೆ ದೊಡ್ಡ ಅನಾಹುತ ತಪ್ಪಿಸಬಹುದು.

ಏನಿದು ಆರ್ಟೀರಿಯಲ್ ಲೈನ್?

ಆಡುಮಾತಲ್ಲಿ ರಕ್ತನಾಳಕ್ಕೆಲ್ಲ ‘ನರ’ ಅಂತಾರೆ. ಆದರೆ ರಕ್ತನಾಳದಲ್ಲಿ ಎರಡು ಬಗೆ. ಹೃದಯದಿಂದ ರಕ್ತ ಹೊರಗೆ ಒಯ್ಯೋದು ಅಪಧಮನಿ, ಅಂದ್ರೆ ಆರ್ಟರಿ. ಹೃದಯಕ್ಕೆ ವಾಪಸ್ ತರೋದು ಅಭಿಧಮನಿ, ಅಂದ್ರೆ ವೇನ್. ಡ್ರಿಪ್ ಹಾಕೋದು ವೇನ್‌ಗೆ. ಆರ್ಟೀರಿಯಲ್ ಲೈನ್ ಅನ್ನೋ ಸಣ್ಣ ಪ್ಲಾಸ್ಟಿಕ್ ಕೊಳವೆ ಹೋಗೋದು ಅಪಧಮನಿಗೆ.

ಇದರಿಂದ ಎರಡು ಉಪಯೋಗ. ಪ್ರತಿ ಬಡಿತದ ಬಿಪಿ ಮಾನಿಟರ್‌ನಲ್ಲಿ ಕಾಣುತ್ತೆ. ಪದೇ ಪದೇ ಚುಚ್ಚದೆ ಬ್ಲಡ್ ಗ್ಯಾಸ್ ಮುಂತಾದ ಪರೀಕ್ಷೆಗೆ ರಕ್ತ ತೆಗೆಯಬಹುದು. ಕೊಳವೆ ಕಟ್ಟಿಕೊಳ್ಳದಿರಲಿ ಅಂತ ಸಲೈನ್ ಅಥವಾ ಹೆಪಾರಿನ್ ಬೆರೆಸಿದ ಸಲೈನ್ ಬಹಳ ನಿಧಾನವಾಗಿ ಹೋಗ್ತಾ ಇರುತ್ತೆ.

ಎಲ್ಲಿ ಹಾಕುತ್ತಾರೆ?

ಸಾಮಾನ್ಯವಾಗಿ ಮಣಿಕಟ್ಟಿನಲ್ಲಿ, ನಾಡಿ ಹಿಡಿದು ನೋಡೋ ಜಾಗದಲ್ಲಿ. ಅಂಗೈಗೆ ಎರಡು ಅಪಧಮನಿಗಳಿಂದ ರಕ್ತ ಬರೋದರಿಂದ ಒಂದು ಕಟ್ಟಿದರೂ ಸಾಮಾನ್ಯವಾಗಿ ಇನ್ನೊಂದು ನಿಭಾಯಿಸುತ್ತೆ. ಪಾದದ ಮೇಲ್ಭಾಗಕ್ಕೂ ಹಾಕಬಹುದು. ತೊಡೆಸಂದು ಮತ್ತು ಕಂಕುಳು ನಂತರದ ಆಯ್ಕೆ. ಮೊಣಕೈ ಮಡಿಕೆಯ ಅಪಧಮನಿಯನ್ನು ಮಕ್ಕಳಲ್ಲಿ ಬಳಸಬಾರದು ಎಂದು ಅಮೆರಿಕದ ಸಿಡಿಸಿ ಸಂಸ್ಥೆಯ 2011ರ ಮಾರ್ಗಸೂಚಿ ಹೇಳುತ್ತದೆ. ಆಗತಾನೇ ಹುಟ್ಟಿದ ಶಿಶುಗಳಿಗೆ ಹೊಕ್ಕುಳಬಳ್ಳಿಯ ಮೂಲಕ ಹಾಕುವುದೂ ಇದೆ. ಅದನ್ನು 5 ದಿನಕ್ಕಿಂತ ಹೆಚ್ಚು ಇಡದಿರುವುದು ಒಳ್ಳೆಯದು ಎಂದು ಅದೇ ಮಾರ್ಗಸೂಚಿಯಲ್ಲಿದೆ.

ಆಗಬಹುದಾದ ತೊಂದರೆಗಳು

1. ರಕ್ತ ಹೆಪ್ಪುಗಟ್ಟುವುದು: ಮಕ್ಕಳ ಅಪಧಮನಿ ತೀರಾ ಸಣ್ಣದು. ಕೊಳವೆಯೇ ಅರ್ಧ ಜಾಗ ಹಿಡಿದರೆ ರಕ್ತ ಹರಿಯೋದು ಕಡಿಮೆಯಾಗಿ ಹೆಪ್ಪುಗಟ್ಟಬಹುದು. ಆಗ ಬೆರಳು ಬಿಳುಚಿಕೊಳ್ಳುತ್ತೆ, ತಣ್ಣಗಾಗುತ್ತೆ, ಆಮೇಲೆ ನೀಲಿಗೆ ತಿರುಗಬಹುದು. ತಡವಾದರೆ ಬೆರಳಿಗೇ ಕುತ್ತು. ಎಳೆ ಶಿಶುಗಳಲ್ಲಿ, ತೊಡೆಸಂದಿಗೆ ಹಾಕಿದಾಗ ಈ ಭಯ ಹೆಚ್ಚು.

2. ರಕ್ತಸ್ರಾವ: ಅಪಧಮನಿಯಲ್ಲಿ ಒತ್ತಡ ಜಾಸ್ತಿ. ಪೈಪಿನ ಜೋಡಣೆ ಕಳಚಿದರೆ ರಕ್ತ ಜೋರಾಗಿ ಹೋಗುತ್ತೆ. ಮಗುವಿನ ಮೈಯಲ್ಲಿರೋದು ಕೆ.ಜಿ.ಗೆ ಸುಮಾರು 80 ಎಂಎಲ್ ರಕ್ತ. 3 ಕೆ.ಜಿ. ಶಿಶುವಿಗೆ ಒಟ್ಟು 240 ಎಂಎಲ್, ಅಂದ್ರೆ ಕಾಲು ಲೀಟರ್‌ಗೂ ಕಡಿಮೆ. ಪ್ಲೇಟ್‌ಲೆಟ್ ಇಳಿದ ಡೆಂಗಿ ಮಕ್ಕಳಲ್ಲಿ ಇನ್ನೂ ಜಾಗ್ರತೆ ಬೇಕು.

3. ಸೋಂಕು: ಕೊಳವೆ ಹೆಚ್ಚು ದಿನ ಇದ್ದಷ್ಟೂ ಭಯ ಹೆಚ್ಚು. ಹಾಕಿದ ಜಾಗ ಕೆಂಪಾಗೋದು, ಕೀವು, ಹೊಸದಾಗಿ ಜ್ವರ ಇದರ ಲಕ್ಷಣ.

4. ತಪ್ಪಾಗಿ ಔಷಧಿ ಹೋಗುವುದು: ಡ್ರಿಪ್ ಅಂದುಕೊಂಡು ಈ ಲೈನಿಗೆ ಇಂಜೆಕ್ಷನ್ ಕೊಟ್ಟರೆ ಮುಂದಿನ ಭಾಗದ ಚರ್ಮ, ಮಾಂಸ ಕೊಳೆಯಬಹುದು. ಅದಕ್ಕೇ ಹಲವು ಕಡೆ ಕೆಂಪು ಗುರುತು, ಲೇಬಲ್ ಹಾಕಿರುತ್ತಾರೆ.

5. ಗಾಳಿಗುಳ್ಳೆ: ಲೈನನ್ನು ಜೋರಾಗಿ ಫ್ಲಶ್ ಮಾಡಿದರೆ ಗಾಳಿ ಅಥವಾ ಹೆಪ್ಪಿನ ಚೂರು ಹಿಂದಕ್ಕೆ ಹೋಗಿ ಮಿದುಳು ಸೇರುವ ಸಾಧ್ಯತೆ ಇದೆ. ಹಾಗಾಗಿ ನಿಧಾನವಾಗಿ, ಸ್ವಲ್ಪ ಸ್ವಲ್ಪವೇ ಫ್ಲಶ್ ಮಾಡುತ್ತಾರೆ.

ಪೋಷಕರು ಏನು ಮಾಡಬೇಕು?

- ಚಳಿ ಅಂತ ಲೈನ್ ಇರೋ ಕೈಯನ್ನು ಹೊದಿಕೆಯೊಳಗೆ ಮುಚ್ಚಬೇಡಿ. ಬೆರಳು, ಪೈಪಿನ ಜೋಡಣೆ ಸದಾ ಕಾಣಬೇಕು.
- ಆ ಕೈಯಲ್ಲಿ ಬಳೆ, ದೃಷ್ಟಿ ದಾರ, ಕಡಗ ಇದ್ದರೆ ತೆಗೆಸಿ. ಊದಿಕೊಂಡರೆ ಬಿಗಿಯುತ್ತೆ.
- ಎರಡೂ ಕೈ ಪಕ್ಕಪಕ್ಕ ಇಟ್ಟು ಬಣ್ಣ, ಬಿಸಿ ಹೋಲಿಸಿ ನೋಡಿ. ವ್ಯತ್ಯಾಸ ಕಂಡರೆ ಕೂಡಲೇ ಸಿಸ್ಟರ್‌ಗೆ ಹೇಳಿ. ಎಣ್ಣೆ ಹಚ್ಚಿ ಉಜ್ಜೋದು, ಬಿಸಿ ಶಾಖ ಕೊಡೋದು ಬೇಡ.
- ಬೆಡ್ ಬದಲಿಸುವಾಗ, ಸ್ಕ್ಯಾನಿಂಗ್‌ಗೆ ಒಯ್ಯುವಾಗ ಪೈಪ್ ಎಳೆಯದಂತೆ ನೋಡಿಕೊಳ್ಳಿ. ಅಲಾರಂ ಹೊಡೆದರೆ ನೀವೇ ಆಫ್ ಮಾಡಬೇಡಿ.
- ದಿನಕ್ಕೊಮ್ಮೆ ಡಾಕ್ಟರ್ ರೌಂಡ್ಸ್‌ನಲ್ಲಿ ‘ಈ ಲೈನ್ ಇನ್ನೂ ಬೇಕಾ ಸರ್?’ ಅಂತ ಕೇಳಿ. ಕೆಲಸ ಮುಗಿದ ಲೈನ್ ಬೇಗ ತೆಗೆದಷ್ಟೂ ಒಳ್ಳೆಯದು.

ತೆಗೆದ ಮೇಲೆ

ಕೊಳವೆ ತೆಗೆದ ಮೇಲೆ ಕನಿಷ್ಠ 5 ನಿಮಿಷ ಒತ್ತಿ ಹಿಡಿಯಬೇಕು, ಪ್ಲೇಟ್‌ಲೆಟ್ ಕಡಿಮೆ ಇದ್ದರೆ ಇನ್ನೂ ಹೆಚ್ಚು ಹೊತ್ತು. ಸಣ್ಣ ಕಪ್ಪು ಕಲೆ ತಾನಾಗೇ ಹೋಗುತ್ತೆ. ಮನೆಗೆ ಬಂದ ಮೇಲೆ ಆ ಜಾಗದಲ್ಲಿ ಮಿಡಿಯುವ ಗಂಟು, ಕೀವು ಕಂಡರೆ, ಕೈ ತಣ್ಣಗಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ತೊಡೆಸಂದಿಗೆ ಹಾಕಿದ್ದರೆ ಮುಂದಿನ ತಪಾಸಣೆಗಳಲ್ಲಿ ಅದನ್ನು ಮರೆಯದೆ ಹೇಳಿ. ಅಲ್ಲಿನ ಅಪಧಮನಿ ಪೂರ್ತಿ ಕಟ್ಟಿದ್ದರೆ ವರ್ಷಗಳ ನಂತರ ಒಂದು ಕಾಲು ಗಿಡ್ಡವಾಗುವ ಸಾಧ್ಯತೆ ಇರುತ್ತೆ. ಡಿಸ್ಚಾರ್ಜ್ ಚೀಟಿ ಜೋಪಾನವಾಗಿಡಿ.

ಮಗುವಿನ ಜೀವ ಉಳಿಸೋಕೆ ಈ ಲೈನ್ ಎಷ್ಟೋ ಸಲ ಬೇಕೇ ಬೇಕು, ಹಾಗಾಗಿ ಹೆದರಿ ‘ಬೇಡ’ ಅನ್ನಬೇಡಿ. ಆದರೆ ಕೇಳಿದರೆ ಬೈತಾರೇನೋ ಅಂತ ರಾತ್ರಿಯೆಲ್ಲ ಸುಮ್ಮನೆ ಕೂರಲೂಬೇಡಿ. ಬೆರಳು ಬಿಳುಚಿದ್ದನ್ನು ಮೊದಲು ನೋಡುವವರು ಬಹಳ ಸಲ ಪಕ್ಕದಲ್ಲಿ ಕೂತ ತಾಯಿಯೇ.