ಕುರುಳು

ಸುರುಳಿಗೊಂಡ ಕೇಶಕ್ಕೆ ನಮ್ಮ ಪ್ರಾಚೀನ ಕವಿಗಳು ಬಳಸಿದ ‘ಕುರುಳ್’ ಎಂಬುದು, ಸಂಸ್ಕೃತದ ಅಲಕ, ಕುಂತಲಗಳ ನೆರೆಯಲ್ಲಿ ಬಾಳಿಯೂ, ತಮಿಳಿನ ಕುರುಳ್, ತೆಲುಗಿನ ಕುರುಲುಗಳೊಡನೆ ಒಂದೇ ಬೇರಿನಿಂದ ಹುಟ್ಟಿದ ಅಚ್ಚ ದ್ರಾವಿಡ ಪದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಆಡುಮಾತಿನಲ್ಲಿ ಇಂದು ‘ಗುಂಗುರು ಕೂದಲು’ ಎಂಬುದೇ ರೂಢಿ. ಕುರುಳು ‘ಮುಂಗುರುಳಿ’ನಲ್ಲಿ ಉಳಿದಿದೆ, ಮತ್ತೆ ಮನೆಮಾತಾಗಲೆಂಬುದು ನನ್ನ ಹಂಬಲ.

ಪದದಿಂದ ಕೂದಲಿನ ಕಡೆಗೆ ಬಂದರೆ, ಯಲ್ಲಾಪುರ, ಹಳಿಯಾಳಗಳಲ್ಲಿ ನೆಲೆಸಿರುವ ಆಫ್ರಿಕಾ ಮೂಲದ ಸಿದ್ದಿ ಸ್ತ್ರೀಯರ ಬಿಗಿಯಾದ ಕುರುಳು, ನೆತ್ತಿಯ ಜಿಡ್ಡು ಅದರ ತಿರುವುಗಳನ್ನು ದಾಟಿ ತುದಿಗಿಳಿಯಲಾರದ ಕಾರಣ, ಬೇಗ ಒಣಗುವಂಥದು. ಎಣ್ಣೆಯೂ ಅಗಲ ಹಲ್ಲಿನ ಬಾಚಣಿಗೆಯೂ ಅದಕ್ಕೆ ಹಿತ. ನೇರಗೊಳಿಸುವ ಕ್ಷಾರಲೇಪವಾದರೋ ಕೆರಾಟಿನ್ನಿನ ಗಂಧಕಬಂಧಗಳನ್ನೇ ಕಡಿದು ಎಳೆಯನ್ನು ಶಿಥಿಲಗೊಳಿಸುತ್ತದೆ, ನೆತ್ತಿಯನ್ನು ಸುಡಲೂಬಹುದು; ಬುಡದಿಂದ ಕುರುಳಾಗಿಯೇ ಮೊಳೆತು ಬರುವ ಕೂದಲು ಆ ನೇರ ಎಳೆಯನ್ನು ಸಂಧಿಸುವೆಡೆಯಲ್ಲಿಯೇ ಹೆಚ್ಚಾಗಿ ಮುರಿಯುತ್ತದೆ.