ವೈಟ್‌ಫೀಲ್ಡ್: ಬೇಲಿಯೊಳಗಿನ ಊರು, ಬೇಲಿಯಾಚೆಯ ಕೆರೆ

ಮೈಸೂರು ಸಂಸ್ಥಾನ ಮತ್ತೆ ಒಡೆಯರ ಕೈಗೆ ಬಂದದ್ದು 1881ರಲ್ಲಿ. ಮರುವರ್ಷವೇ ಹತ್ತನೆಯ ಚಾಮರಾಜ ಒಡೆಯರು ಬೆಂಗಳೂರಿನ ಪೂರ್ವಕ್ಕೆ 3,900 ಎಕರೆ ಭೂಮಿಯನ್ನು ಒಂದು ಸಂಘಕ್ಕೆ ಕೊಟ್ಟರು. ಸಂಘದ ಹೆಸರು ಯುರೇಷಿಯನ್ ಅಂಡ್ ಆಂಗ್ಲೋ-ಇಂಡಿಯನ್ ಅಸೋಸಿಯೇಷನ್. ಅದರ ಬೆನ್ನೆಲುಬು ಡಿ.ಎಸ್. ವೈಟ್. ಗುಮಾಸ್ತಗಿರಿ, ರೈಲ್ವೆ, ತಂತಿ ಇಲಾಖೆಗಳನ್ನೇ ನೆಚ್ಚಿಕೊಂಡಿದ್ದ, ಯುರೋಪಿಯನ್–ಭಾರತೀಯ ಮಿಶ್ರ ಮೂಲದ ತಮ್ಮ ಜನಕ್ಕೆ ಕಾಲೂರಲು ಸ್ವಂತ ನೆಲ ಬೇಕು, ಬೇಸಾಯ ಮಾಡಿ ಬದುಕುವಂತಾಗಬೇಕು ಎಂಬುದು ಅವರ ಹಂಬಲ. ಜಾರ್ಖಂಡಿನ ಮೆಕ್‌ಕ್ಲಸ್ಕಿಗಂಜ್ ಇದೇ ಕನಸಿನಿಂದ 1933ರಲ್ಲಿ ಹುಟ್ಟಿತು. ಬೆಂಗಳೂರಿನ ಮಗ್ಗುಲಲ್ಲಿ ಆ ಪ್ರಯೋಗ ಅರ್ಧ ಶತಮಾನ ಮೊದಲೇ ನಡೆದಿತ್ತು.

ಊರಿಗೆ ವೈಟ್ ಅವರ ಹೆಸರೇ ನಿಂತಿತು. ನಡುವೆ ಬಯಲು, ಅದರ ಸುತ್ತ ವೃತ್ತಾಕಾರದ ರಸ್ತೆ, ರಸ್ತೆಯ ಅಂಚಿಗೆ ನಿವೇಶನಗಳು: ಇಂದಿಗೂ ಅದು ಇನ್ನರ್ ಸರ್ಕಲ್. ಹೆಂಚಿನ ಮಾಡು, ಮುಂದೊಂದು ಜಗಲಿ, ಹಿತ್ತಿಲಲ್ಲಿ ಮಾವು, ಎತ್ತಿನ ಗಾಡಿ ತಿರುಗುವಷ್ಟು ಅಂಗಳ. ಪ್ರಾರ್ಥನೆಗೆ ಮೆಮೋರಿಯಲ್ ಚರ್ಚ್, ತಂಗುವವರಿಗೆ ವೇವರ್ಲಿ ಇನ್. 1864ರಿಂದಲೇ ಓಡುತ್ತಿದ್ದ ಬೆಂಗಳೂರು–ಜೋಲಾರಪೇಟೆ ರೈಲು ಹತ್ತಿರದಲ್ಲೇ ಹಾದುಹೋಗುತ್ತಿದ್ದುದು ಊರಿಗೆ ದೊಡ್ಡ ಅನುಕೂಲ.

ವೇವರ್ಲಿ ಇನ್ ಎಂದರೆ ಚರ್ಚಿಲ್ ಕಥೆ ಬಾರದಿರುವುದಿಲ್ಲ. 1896ರಲ್ಲಿ ಸೇನಾಧಿಕಾರಿಯಾಗಿ ಬೆಂಗಳೂರಿಗೆ ಬಂದ ವಿನ್‌ಸ್ಟನ್ ಚರ್ಚಿಲ್, ಇನ್ನಿನ ಮಾಲೀಕ ಹ್ಯಾಮಿಲ್ಟನ್ ಅವರ ಮಗಳಿಗಾಗಿ ವೈಟ್‌ಫೀಲ್ಡಿಗೆ ಸುತ್ತುತ್ತಿದ್ದ ಎಂದು ಊರವರು ಹೇಳುತ್ತ ಬಂದಿದ್ದಾರೆ. ನಂಬುವುದು ಬಿಡುವುದು ಕೇಳುವವರಿಗೆ ಬಿಟ್ಟದ್ದು. ಅವನ ಬೆಂಗಳೂರು ವಾಸಕ್ಕೆ ಕಾಗದದ ಮೇಲಿರುವ ಹೆಚ್ಚು ಗಟ್ಟಿಯಾದ ಕುರುಹು ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿದೆ: ವಸೂಲಾಗದ ಬಾಕಿ, 13 ರೂಪಾಯಿ.

ಪ್ರೇಮ ಫಲಿಸಿತೋ ಇಲ್ಲವೋ, ಬೇಸಾಯವಂತೂ ಫಲಿಸಲಿಲ್ಲ. ಮಳೆಯನ್ನು ನಂಬಿ ರಾಗಿ ಬೆಳೆಯುವ ಹೊಲ, ನೇಗಿಲು ಹಿಡಿದು ಗೊತ್ತಿಲ್ಲದ ಕೈಗಳು. 1907ರ ಹೊತ್ತಿಗೂ ಇಲ್ಲಿದ್ದದ್ದು ಸುಮಾರು 45 ಮನೆ, 130 ಜನ. ಹೊಲ ಉಳುವವರ ಊರಾಗಬೇಕಿದ್ದದ್ದು ಪಿಂಚಣಿದಾರರ ಊರಾಯಿತು. ಸ್ವಾತಂತ್ರ್ಯದ ನಂತರ ಹಲವು ಕುಟುಂಬಗಳು ಇಂಗ್ಲೆಂಡಿಗೋ ಆಸ್ಟ್ರೇಲಿಯಾಕ್ಕೋ ಹೊರಟುಹೋದವು. ಬಂಗಲೆಗಳು ಒಂದೊಂದಾಗಿ ಕೈ ಬದಲಿಸಿದವು. ಆಮೇಲೆ ಪಕ್ಕದ ಕಾಡುಗೋಡಿಯ ಹೆಸರು ದೂರದೂರಿಗೆ ಗೊತ್ತಾದದ್ದು ಸತ್ಯಸಾಯಿ ಬಾಬಾ ಅವರ ಬೃಂದಾವನ ಆಶ್ರಮದಿಂದ.

ನಿಜವಾದ ತಿರುವು 1990ರ ದಶಕದ್ದು. ಟಾಟಾ, ಸಿಂಗಪುರದ ಕಂಪನಿಗಳು ಮತ್ತು ಕರ್ನಾಟಕ ಸರ್ಕಾರ ಸೇರಿ ಪಟ್ಟಂದೂರು ಅಗ್ರಹಾರದಲ್ಲಿ ಕಟ್ಟಿದ ಐಟಿಪಿಎಲ್ ಎಂಬ ಟೆಕ್ ಪಾರ್ಕ್ ಬಂದದ್ದೇ ತಡ, ಸುತ್ತಲಿನ ತೋಟ ಹೊಲಗಳೆಲ್ಲ ಚದರಡಿ ಲೆಕ್ಕಕ್ಕೆ ಇಳಿದವು. ರಾಮಗೊಂಡನಹಳ್ಳಿಯಲ್ಲಿ ಪಾಮ್ ಮೆಡೋಸ್ ಎಂಬ ವಿಲ್ಲಾ ಬಡಾವಣೆ ಎದ್ದಿತು. ಅದರ ಹಿಂದೆಯೇ ಗೇಟು, ಸೆಕ್ಯುರಿಟಿ, ಕ್ಲಬ್ ಹೌಸ್ ಇರುವ ಹತ್ತಾರು ಸಮುಚ್ಚಯಗಳು. ತಮ್ಮಂಥವರ ನಡುವೆ, ತಮ್ಮದೇ ರಸ್ತೆ ತಮ್ಮದೇ ಆವರಣದಲ್ಲಿ ಬಾಳಬೇಕೆಂಬ ಆಸೆಯಲ್ಲಿ ಹೊಸಬರಿಗೂ ವೈಟ್ ಅವರ ಸಂಗಡಿಗರಿಗೂ ಹೆಚ್ಚು ಅಂತರವಿಲ್ಲ. ಆದರೆ ಅವರು ಅನ್ನಕ್ಕೂ ಈ ಮಣ್ಣನ್ನೇ ನಂಬಲು ಹೊರಟಿದ್ದರು. ಇವರಿಗೆ ಮಣ್ಣಿನಿಂದ ಬೇಕಾದದ್ದು ಅಡಿಪಾಯ ಮಾತ್ರ, ಜೊತೆಗೆ ನೀರು.

ನೀರಿನ ವಿಷಯದಲ್ಲಿ ಈ ಸೀಮೆಯ ಹಳಬರು ಇಬ್ಬರಿಗಿಂತಲೂ ಜಾಣರು. ಕಾಡುಗೋಡಿಯಲ್ಲಿ ಸಿಕ್ಕ, ರಾಜೇಂದ್ರ ಚೋಳನ ಕಾಲದ ಕ್ರಿ.ಶ. 1043ರ ಶಾಸನವೊಂದು ಪಟ್ಟಂದೂರಿನ ಕೆರೆ ಕಟ್ಟಿಸಿದ್ದನ್ನೂ, ಜೊತೆಗೆ ದುರ್ಗೆ, ಗಣಪತಿ, ಕ್ಷೇತ್ರಪಾಲರನ್ನು ನಿಲ್ಲಿಸಿದ್ದನ್ನೂ ಹೇಳುತ್ತದೆ. ಹೊಳೆಯಿಲ್ಲದ ಈ ಎತ್ತರದ ನೆಲದಲ್ಲಿ ಮೊದಲು ಕೆರೆ, ಆಮೇಲೆ ಊರು. ಒಂದರ ಕೋಡಿ ಬಿದ್ದ ನೀರು ಇನ್ನೊಂದಕ್ಕೆ ಹರಿಯುತ್ತಿತ್ತು. ವರ್ತೂರು ಕೋಡಿ ಎಂದು ಬಸ್ ಕಂಡಕ್ಟರುಗಳು ಈಗಲೂ ಕೂಗುವ ಸ್ಟಾಪಿಗೆ ಹೆಸರು ಕೊಟ್ಟದ್ದೂ ಅಂಥದೇ ಒಂದು ಕೋಡಿ.

ಆ ಸ್ಟಾಪಿನಿಂದ ತುಸು ದೂರದಲ್ಲಿ ಬೋರ್‌ವೆಲ್ ರಸ್ತೆ ಎಂಬುದೂ ಉಂಟು. ಕೆರೆಯಿಂದ ಬಾವಿಗೆ, ಬಾವಿಯಿಂದ ಬೋರ್‌ವೆಲ್ಲಿಗೆ, ಅಲ್ಲಿಂದ ಟ್ಯಾಂಕರಿಗೆ ಸಾಗಿ ಬಂದ ದಾರಿ ಬೆಂಗಳೂರಿಗೆಲ್ಲ ಸಾಮಾನ್ಯ. ವೈಟ್‌ಫೀಲ್ಡಿನಲ್ಲಿ ಅದು ಕಣ್ಣಿಗೆ ಹೊಡೆಯುವಂತಿದೆ. 2007ರಲ್ಲಿ ಈ ಭಾಗ ಬಿಬಿಎಂಪಿಗೆ ಸೇರಿತು, 2023ರ ಮಾರ್ಚಿನಲ್ಲಿ ಮೆಟ್ರೊ ಬಂತು. ಆದರೂ 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಕೈಕೊಟ್ಟಾಗ, ಇಲ್ಲಿನ ದುಬಾರಿ ಅಪಾರ್ಟ್‌ಮೆಂಟುಗಳೂ ಟ್ಯಾಂಕರಿನ ಹಾದಿ ಕಾಯ್ದವು.

ಇಷ್ಟರ ನಡುವೆ ಒಂದು ಸೋಜಿಗ ನಡೆದಿದೆ. ಗೇಟಿನೊಳಗಿನ ಬದುಕನ್ನು ಹಣ ಕೊಟ್ಟು ಕೊಂಡವರೇ ಗೇಟು ದಾಟಿ ಬಂದಿದ್ದಾರೆ. ಪಟ್ಟಂದೂರು ಅಗ್ರಹಾರದ ಕೆರೆಯನ್ನು ಉಳಿಸಿ ಎಂದು ಬೀದಿಗಿಳಿದವರಲ್ಲಿ, ಊರಿಗೆ ಬಂದು ಹತ್ತಿಪ್ಪತ್ತು ವರ್ಷವೂ ಆಗಿರದ ಅಪಾರ್ಟ್‌ಮೆಂಟ್ ವಾಸಿಗಳು ಹಳಬರ ಜೊತೆ ಫಲಕ ಹಿಡಿದು ನಿಂತಿದ್ದರು.